ಹೆಲೇನೆ ಮಾಯರ್: ಕತ್ತಿವರಸೆಯಲ್ಲಿ ಕೀರ್ತಿವೆತ್ತ ಮಹಿಳೆಯ ಚರಿತ್ರೆ

ಮಹನೀಯರ ಜೀವನಚರಿತ್ರೆಯನ್ನು ಓದುವುದರಿಂದ ಮನಸ್ಸಿಗೆ ಬಲವೂ ನಡತೆಗೆ ದಾರಿಯೂ ದೊರೆಯುವುವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಅದು ದಿಟವೇ ಸರಿ. ಆದರೆ ನಮ್ಮ ಹೆಣ್ಣುಮಕ್ಕಳ ಕೈಗೆ ನಾವು ಕೊಡುವ ಚರಿತ್ರೆಗಳು ಬಹುಮಟ್ಟಿಗೆ ಒಂದೇ ಬಗೆಯವು. ರೋಗಿಗಳ ಶುಶ್ರೂಷೆಯಲ್ಲಿ ಆಯುಷ್ಯವನ್ನು ಸವೆಸಿದ ದಾದಿಯರು, ಅನಾಥಾಲಯಗಳನ್ನೂ ಶಾಲೆಗಳನ್ನೂ ಸ್ಥಾಪಿಸಿದ ಪುಣ್ಯವಂತೆಯರು, ನಾಡಿಗಾಗಿ ಖಡ್ಗ ಹಿಡಿದ ಕಿತ್ತೂರಿನ ಚೆನ್ನಮ್ಮನಂತಹ ರಾಣಿಯರು, ಇವರ ಕಥೆಗಳು ನಮ್ಮ ವಿದ್ಯಾರ್ಥಿನಿಯರಿಗೆ ಕಂಠಪಾಠವಾಗಿವೆ. ಆಟದ ಕಣದಲ್ಲಿ ಹೆಸರು ಪಡೆದ ಸ್ತ್ರೀಯ ಚರಿತ್ರೆಯನ್ನಾದರೋ ಬರೆಯುವವರೂ ಕಡಿಮೆ, ಓದುವವರೂ ಕಡಿಮೆ. ಆದಕಾರಣ ಈ ಸಂಚಿಕೆಯಲ್ಲಿ ಅಂತಹ ಒಬ್ಬಾಕೆಯ ಚರಿತ್ರೆಯನ್ನು ಹಿಂದಿನ ವಿದ್ಯಾರ್ಥಿನಿಯರ ಮತ್ತು ಮಕ್ಕಳ ತಂದೆತಾಯಂದಿರ ಮುಂದಿಡುತ್ತೇನೆ. ಇದರಲ್ಲಿ ಜಯವುಂಟು, ಸೋಲುಂಟು. ಸುಲಭವಾಗಿ ತೀರ್ಪು ಹೇಳಲಾಗದ ಒಂದು ಸಂಗತಿಯೂ ಉಂಟು.

ಮೊದಲು ಆ ವಿದ್ಯೆಯ ವಿಚಾರವಾಗಿ ನಾಲ್ಕು ಮಾತುಗಳನ್ನು ಹೇಳಬೇಕು. ಕತ್ತಿವರಸೆಯೆಂದೊಡನೆ ನಮ್ಮವರಿಗೆ ಗರಡಿಮನೆಯೂ ವೀರಗಾಸೆಯವರ ಕೈಯ ಕತ್ತಿಯೂ ನೆನಪಿಗೆ ಬರುವುವು. ಐರೋಪ್ಯರಲ್ಲಿ ಈ ವಿದ್ಯೆಯು ಬಹು ಕಾಲದ ಹಿಂದೆಯೇ ಕಾಳಗದಿಂದ ಬೇರ್ಪಟ್ಟು ಪಂದ್ಯದ ಆಟವಾಗಿ ರೂಪುಗೊಂಡಿತು. ಅದರಲ್ಲಿ ಬಳಸುವ ಮೂರು ಬಗೆಯ ಕತ್ತಿಗಳ ಪೈಕಿ ಹಗುರವಾದುದೂ ಬಳುಕುವಂಥದೂ ಆದ ಒಂದಕ್ಕೆ ಫಾಯಿಲ್ ಎಂದು ಹೆಸರು. ಇದರ ತೂಕವು 500 ಗ್ರಾಮನ್ನು ಮೀರಬಾರದು. ಹಿಡಿಯೂ ಸೇರಿ ಉದ್ದವು 110 ಸೆಂಟಿಮೀಟರನ್ನು ಮೀರಬಾರದು. ಅಂದರೆ ನಮ್ಮ ಸೀಮೆಯ ಒಂದು ಸುಲಿದ ತೆಂಗಿನಕಾಯಿಯಷ್ಟು ಭಾರವೂ ಇದಕ್ಕಿರದು. ಇದಕ್ಕೆ ಹರಿತವಾದ ಅಲುಗಿಲ್ಲ, ಮೊನೆಯೂ ಮೊಂಡಾಗಿರುವುದು. ಎದುರಾಳಿಯ ಮುಂಡಭಾಗವನ್ನು ಮಾತ್ರ ಮೊನೆಯಿಂದ ತಾಕಬೇಕು. ಕೈಗೆ ಕಾಲಿಗೆ ತಾಕಿದರೆ ಲೆಕ್ಕಕ್ಕಿಲ್ಲ. ಮೊದಲು ಮೇಲೆ ಬಿದ್ದವರ ಏಟನ್ನು ತಡೆದ ಬಳಿಕವೇ ಇದಿರೇಟು ಕೊಡುವ ಹಕ್ಕು ದೊರೆಯುವುದು. ಪಂದ್ಯಕ್ಕೆ ಮುಂಚೆ ಇಬ್ಬರೂ ಕತ್ತಿಯನ್ನೆತ್ತಿ ಪರಸ್ಪರ ವಂದಿಸಿ, ಜಾಲರಿಯ ಮುಖಕವಚವನ್ನು ಧರಿಸುವರು. ಈಗಿನ ಕಾಲದಲ್ಲಿ ಮೊನೆಯು ತಾಕಿದೊಡನೆ ವಿದ್ಯುತ್ತಿನ ದೀಪವು ಬೆಳಗಿ ಲೆಕ್ಕವನ್ನು ತಿಳಿಸುವುದು. ನಾವು ಹೇಳಹೊರಟಿರುವ ಕಾಲದಲ್ಲಿ ಆ ಸಾಧನವಿರಲಿಲ್ಲ. ಕಣದ ಸುತ್ತ ನಿಂತ ಪಂಚರು ಕಣ್ಣಿನಿಂದಲೇ ನೋಡಿ ತೀರ್ಮಾನಿಸಬೇಕಾಗಿತ್ತು. ಆದ್ದರಿಂದ ಆಡುವವರ ಪ್ರಾಮಾಣಿಕತೆಗೆ ಅಲ್ಲಿ ದೊಡ್ಡ ಬೆಲೆಯಿತ್ತು.

ಒಲಿಂಪಿಕ್ ಪಂದ್ಯಗಳಲ್ಲಿ ಸ್ತ್ರೀಯರಿಗೆ ಈ ಆಟದ ಪ್ರವೇಶವು ದೊರೆತುದು 1924ರಲ್ಲಿ, ಪ್ಯಾರಿಸ್ ನಗರದಲ್ಲಿ. ಅದೂ ಫಾಯಿಲ್ ಒಂದರಲ್ಲಿ ಮಾತ್ರ. ಉಳಿದ ಎರಡು ಬಗೆಯ ಕತ್ತಿಗಳು ಸ್ತ್ರೀಯರ ಕೈಗೆ ಬರಲು 1996ರ ವರೆಗೂ 2004ರ ವರೆಗೂ ಕಾಯಬೇಕಾಯಿತು. ಕೋಮಲವಾದ ಕೈಗಳಿಗೆ ಹಗುರವಾದ ಕತ್ತಿಯೇ ಸಾಕೆಂಬುದು ಅಂದಿನ ಪುರುಷರ ಅಭಿಪ್ರಾಯವಾಗಿತ್ತು.

ಹೆಲೇನೆ ಮಾಯರ್ ಎಂಬಾಕೆಯು 1910ನೆಯ ಇಸವಿ ಡಿಸೆಂಬರ್ 20ನೆಯ ತಾರೀಖು ಜರ್ಮನಿ ದೇಶದ ಆಫೆನ್‌ಬಾಕ್ ಎಂಬ ಊರಿನಲ್ಲಿ ಜನಿಸಿದಳು. ಅದು ಮೈನ್ ನದಿಯ ದಡದಲ್ಲಿ, ಫ್ರಾಂಕ್‌ಫರ್ಟ್ ಪಟ್ಟಣದ ಮಗ್ಗುಲಲ್ಲಿ, ಚರ್ಮದ ಕೆಲಸಕ್ಕೆ ಪ್ರಸಿದ್ಧವಾದ ಊರು. ತಂದೆ ಲುಡ್ವಿಗ್ ಮಾಯರ್ ವೈದ್ಯನು. ಯೆಹೂದ್ಯ ಮನೆತನಕ್ಕೆ ಸೇರಿದವನು. ತಾಯಿ ಈಡಾ ಕ್ರೈಸ್ತಳು. ಹೆಲೇನೆಗೆ ಇಬ್ಬರು ಸಹೋದರರು. ಮನೆಯಲ್ಲಿ ಯೆಹೂದ್ಯರ ಆಚಾರಗಳ ಕಟ್ಟುಪಾಡು ಹೆಚ್ಚಾಗಿರಲಿಲ್ಲ. ತಾನು ಜರ್ಮನಿಯ ಮಗಳು ಎಂಬುದೊಂದನ್ನೇ ಆಕೆ ಬಾಲ್ಯದಿಂದ ಅರಿತಿದ್ದಳು. ಬೇರೆ ಪ್ರಶ್ನೆಗೆ ಆಗ ಎಡೆಯೂ ಇರಲಿಲ್ಲ.

ಆಫೆನ್‌ಬಾಕ್ ಊರಿನಲ್ಲಿ ಹೆಸರುವಾಸಿಯಾದ ಒಂದು ಕತ್ತಿವರಸೆಯ ಸಂಘವಿತ್ತು. ಅಲ್ಲಿ ಆರ್ತೂರೋ ಗಜ್ಜೇರ ಎಂಬ ಇಟಲಿ ದೇಶದ ಗುರುವು ಪಾಠ ಹೇಳುತ್ತಿದ್ದನು. ಬಾಲೆಯಾದ ಹೆಲೇನೆಯು ಆತನ ಶಿಷ್ಯಳಾದಳು. ಎತ್ತರವಾದ ನಿಲುವು, ನೀಳವಾದ ತೋಳುಗಳು, ಚುರುಕಾದ ಹೆಜ್ಜೆ, ಇವೆಲ್ಲ ಆಕೆಗೆ ಹುಟ್ಟಿನಿಂದ ಬಂದ ವರಗಳು. ಆದರೆ ವರವೊಂದರಿಂದಲೇ ವಿದ್ಯೆ ಬಾರದು. ನಮ್ಮ ತಿಪಟೂರು, ಚಿಕ್ಕನಾಯಕನಹಳ್ಳಿಯ ಕಡೆಯ ಮನೆಗಳ ಅಟ್ಟದಲ್ಲಿ ಹರಡಿದ ಕಾಯಿಯು ವರ್ಷದ ಹತ್ತಿರ ಹತ್ತಿರ ಕಾಲ ಕದಲದೆ ಬಿದ್ದಿದ್ದು, ಹೊರಗೆ ಏನೂ ತೋರದೆ ಒಳಗೊಳಗೇ ಉಂಡೆಕೊಬ್ಬರಿಯಾಗುವುದಷ್ಟೆ. ಕತ್ತಿವರಸೆಯ ಅಭ್ಯಾಸವೂ ಅಂಥದು. ಮುಂದಕ್ಕೆ ಒಂದು ಹೆಜ್ಜೆ, ಹಿಂದಕ್ಕೆ ಒಂದು ಹೆಜ್ಜೆ, ಮಂಡಿಯನ್ನು ಬಗ್ಗಿಸಿ ಚಾಚುವ ಒಂದು ನಿಲುವು, ಮಣಿಕಟ್ಟಿನ ಒಂದು ತಿರುವು, ಇವನ್ನೇ ವರ್ಷಗಟ್ಟಲೆ ಸಾವಿರ ಸಾರಿ ಮಾಡಬೇಕು. ನೋಡುವವರ ಕಣ್ಣಿಗೆ ಬಹು ದಿನ ಏನೂ ಕಾಣದು. ಹೆಲೇನೆಯ ಅಭ್ಯಾಸಕ್ಕೆ ಫಲವು ಬೇಗನೆ ದೊರೆಯಿತು. 1925ರಿಂದ 1930ರ ವರೆಗೆ ಆರು ವರ್ಷ ಜರ್ಮನಿಯ ಸ್ತ್ರೀಯರ ಫಾಯಿಲ್ ಪ್ರಶಸ್ತಿಯು ಆಕೆಯದೇ ಆಯಿತು. ಮೊದಲನೆಯ ಸಾರಿ ಗೆದ್ದಾಗ ಆಕೆಗೆ ಹದಿನೈದು ತುಂಬಿರಲಿಲ್ಲ.

1928ರಲ್ಲಿ ಹಾಲೆಂಡ್ ದೇಶದ ಆಮ್‌ಸ್ಟರ್‌ಡ್ಯಾಮ್ ನಗರದಲ್ಲಿ ಒಲಿಂಪಿಕ್ ಪಂದ್ಯಗಳು ನೆರವೇರಿದುವು. ನಮ್ಮ ಭರತಖಂಡದ ಹಾಕಿ ತಂಡವು ಮೊದಲನೆಯ ಬಾರಿಗೆ ಸುವರ್ಣ ಪದಕವನ್ನು ಗೆದ್ದುದೂ ಅಲ್ಲಿಯೇ. ಹದಿನೇಳು ವರ್ಷದ ಹೆಲೇನೆಯು ಅಲ್ಲಿ 18 ಸೆಣಸುಗಳನ್ನು ಗೆದ್ದು, ಎರಡರಲ್ಲಿ ಮಾತ್ರ ಸೋತು, ಸುವರ್ಣ ಪದಕವನ್ನು ಪಡೆದಳು. ಹೊಂಬಣ್ಣದ ಕೂದಲನ್ನು ಎರಡು ಜಡೆಗಳಾಗಿ ಹೆಣೆದು ಕಿವಿಗಳ ಬಳಿ ಸುತ್ತಿಕೊಂಡು, ಹಣೆಗೆ ಬಿಳಿಯ ಪಟ್ಟಿಯನ್ನು ಕಟ್ಟಿಕೊಂಡು ನಿಂತ ಆ ಹುಡುಗಿಯ ಚಿತ್ರವು ಜರ್ಮನಿಯಲ್ಲೆಲ್ಲ ಹರಡಿತು. ಆಕೆಯ ಹೆಸರಿನ ಮೊದಲ ಅಕ್ಷರಗಳನ್ನೇ ಹಿಡಿದು ಜನರು ಹೊಂಗೂದಲಿನ ಹೇ ಎಂದು ಮುದ್ದಿನಿಂದ ಕರೆದರು. ತರುವಾಯ 1929ರಲ್ಲಿ ನೇಪಲ್ಸ್ ನಗರದಲ್ಲಿಯೂ 1931ರಲ್ಲಿ ವಿಯೆನ್ನಾ ನಗರದಲ್ಲಿಯೂ ನಡೆದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಆಕೆ ಪ್ರಥಮ ಸ್ಥಾನವನ್ನು ಗಳಿಸಿದಳು. ಆಟದ ಜೊತೆಯಲ್ಲಿ ಓದನ್ನೂ ಬಿಡಲಿಲ್ಲ. ಫ್ರಾಂಕ್‌ಫರ್ಟಿನಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಉನ್ನತ ವ್ಯಾಸಂಗವನ್ನು ಕೈಕೊಂಡಳು. ಆಟಕ್ಕೆ ಹೋದ ಹುಡುಗಿಗೆ ಪಾಠ ತಲೆಗೆ ಹತ್ತದೆನ್ನುವವರು ಇದನ್ನು ಗಮನಿಸಬೇಕು.

1931ರಲ್ಲಿ ಆಕೆಯ ತಂದೆಯು ತೀರಿಕೊಂಡನು. ಮರುವರ್ಷ ಅಮೆರಿಕದ ಲಾಸ್ ಏಂಜಲೀಸ್ ನಗರದಲ್ಲಿ ನಡೆದ ಒಲಿಂಪಿಕ್ ಪಂದ್ಯದಲ್ಲಿ ಹೆಲೇನೆಗೆ ಐದನೆಯ ಸ್ಥಾನ ಮಾತ್ರ ದೊರೆಯಿತು. ಆಸ್ಟ್ರಿಯದ ಎಲ್ಲೆನ್ ಪ್ರೈಸ್ ಸುವರ್ಣವನ್ನು ಗೆದ್ದಳು. ಆ ಪಂದ್ಯದಲ್ಲಿ ನಡೆದ ಒಂದು ಸಂಗತಿಯನ್ನು ನಮ್ಮ ಮಕ್ಕಳಿಗೆ ಹೇಳದೆ ಮುಂದಕ್ಕೆ ಹೋಗಲಾಗದು. ಇಂಗ್ಲೆಂಡಿನ ಜೂಡಿ ಗಿನ್ನೆಸ್ ಎಂಬ ತರುಣಿಯು ಪ್ರೈಸಳೊಡನೆ ಸೆಣಸುತ್ತಿದ್ದಾಗ, ಎದುರಾಳಿಯ ಮೊನೆಯು ಎರಡು ಸಾರಿ ತನ್ನನ್ನು ತಾಕಿದ್ದು ಪಂಚರ ಕಣ್ಣಿಗೆ ಬೀಳಲಿಲ್ಲ. ಗಿನ್ನೆಸಳು ತಾನಾಗಿಯೇ ಅದನ್ನು ಪಂಚರಿಗೆ ತಿಳಿಸಿದಳು; ಸುವರ್ಣವನ್ನು ಬಿಟ್ಟುಕೊಟ್ಟು ಬೆಳ್ಳಿಯಿಂದ ತೃಪ್ತಳಾದಳು. ಯಾರೂ ನೋಡದಿದ್ದುದನ್ನು ತಾನು ಬಲ್ಲೆನಲ್ಲ ಎಂಬುದೇ ಆಕೆಯ ನ್ಯಾಯವಾಗಿತ್ತು. ಪರೀಕ್ಷೆಯ ಕೊಠಡಿಯಲ್ಲಿ ಕುಳಿತುಕೊಳ್ಳುವ ಪ್ರತಿಯೊಬ್ಬ ವಿದ್ಯಾರ್ಥಿನಿಯೂ ಈ ಹೆಸರನ್ನು ನೆನಪಿನಲ್ಲಿಡತಕ್ಕದ್ದು.

ಪಂದ್ಯಗಳು ಮುಗಿದ ಮೇಲೆ ಹೆಲೇನೆಯು ಊರಿಗೆ ಮರಳದೆ, ಕ್ಯಾಲಿಫೋರ್ನಿಯದ ಸ್ಕ್ರಿಪ್ಸ್ ಎಂಬ ಸ್ತ್ರೀಯರ ಕಾಲೇಜಿನಲ್ಲಿ ಎರಡು ವರ್ಷ ಓದಲು ನಿಂತಳು. ಅದಕ್ಕೆ ಸ್ವದೇಶದಿಂದ ವಿದ್ಯಾರ್ಥಿವೇತನವು ಬರುತ್ತಿತ್ತು. ಅಷ್ಟರಲ್ಲಿ, 1933ರ ಜನವರಿಯಲ್ಲಿ, ಹಿಟ್ಲರನು ಜರ್ಮನಿಯ ಅಧಿಕಾರವನ್ನು ಹಿಡಿದನು. ಕೆಲವೇ ತಿಂಗಳುಗಳಲ್ಲಿ ಯೆಹೂದ್ಯರನ್ನು ಕಚೇರಿಗಳಿಂದಲೂ ಶಾಲೆಗಳಿಂದಲೂ ಆಟದ ಸಂಘಗಳಿಂದಲೂ ಹೊರಕ್ಕೆ ಹಾಕುವ ಕೆಲಸವು ಮೊದಲಾಯಿತು. ಹೆಲೇನೆಯ ವಿದ್ಯಾರ್ಥಿವೇತನವು ನಿಂತುಹೋಯಿತು. ಆಕೆಯನ್ನು ಆಡಿ ಬೆಳೆಸಿದ ಆಫೆನ್‌ಬಾಕಿನ ಸಂಘವು ತನ್ನ ಪಟ್ಟಿಯಿಂದ ಆಕೆಯ ಹೆಸರನ್ನು ತೆಗೆದುಹಾಕಿತು. ಐದು ವರ್ಷಗಳ ಹಿಂದೆ ಆ ಊರಿಗೆ ಸುವರ್ಣ ಪದಕವನ್ನು ತಂದವಳು ಈಗ ತಂದೆಯ ವಂಶದ ಕಾರಣದಿಂದ ಪರಕೀಯಳಾದಳು.

ಶಾಲೆಯನ್ನು ನಡೆಸುವವರಿಗೆ ಪಟ್ಟಿಯಿಂದ ಒಂದು ಹೆಸರನ್ನು ಹೊಡೆದುಹಾಕುವುದೆಂದರೇನೆಂಬುದು ಗೊತ್ತು. ಲೇಖನಿಯ ಒಂದು ಗೆರೆಯಿಂದ ಅದು ಮುಗಿಯುವುದು. ಆದರೆ ಆ ಹೆಸರಿನವಳ ಮನಸ್ಸಿನಲ್ಲಿ ಆ ಗೆರೆಯು ಜನ್ಮವಿಡೀ ಮಾಸದು. ಅದೃಷ್ಟವಶಾತ್ ಒಂದು ಬಾಗಿಲು ಮುಚ್ಚಿದಾಗ ಹೆಲೇನೆಗೆ ಬೇರೊಂದು ವಿದ್ಯಾಸಂಸ್ಥೆಯು ಆಶ್ರಯವನ್ನಿತ್ತಿತು. 1934ರಲ್ಲಿ ಆಕೆಯು ಓಕ್‌ಲೆಂಡ್ ಪಟ್ಟಣದ ಮಿಲ್ಸ್ ಕಾಲೇಜನ್ನು ಸೇರಿ, ಅಲ್ಲಿ ತಾನೂ ಓದುತ್ತ, ಇತರರಿಗೆ ಜರ್ಮನ್ ಭಾಷೆಯನ್ನೂ ಕತ್ತಿವರಸೆಯನ್ನೂ ಕಲಿಸುತ್ತ ಜೀವನೋಪಾಯವನ್ನು ಕಂಡುಕೊಂಡಳು. ಅದೂ ಸ್ತ್ರೀಯರ ಕಾಲೇಜೇ. ಪರದೇಶದಲ್ಲಿ ಆದಾಯವೂ ಆಧಾರವೂ ತಪ್ಪಿದ ತರುಣಿಯ ಕೈ ಹಿಡಿದದ್ದು ಆಕೆ ಕಲಿತ ವಿದ್ಯೆ. ಅದೇ ವರ್ಷ ಅಮೆರಿಕದ ಸ್ತ್ರೀಯರ ಫಾಯಿಲ್ ಪ್ರಶಸ್ತಿಯೂ ಆಕೆಗೆ ದೊರೆಯಿತು. ಮುಂದೆ 1946ರ ವರೆಗೆ ಒಟ್ಟು ಎಂಟು ಸಾರಿ ಆಕೆ ಅದನ್ನು ಗೆದ್ದಳು.

1936ರ ಒಲಿಂಪಿಕ್ ಪಂದ್ಯಗಳು ಬರ್ಲಿನ್ ನಗರದಲ್ಲಿ ನಡೆಯಬೇಕೆಂದು ಮೊದಲೇ ಗೊತ್ತಾಗಿತ್ತು. ಯೆಹೂದ್ಯರಿಗೆ ಅನ್ಯಾಯವೆಸಗುವ ರಾಜ್ಯಕ್ಕೆ ತಮ್ಮ ತಂಡವನ್ನು ಕಳುಹಿಸಬಾರದೆಂದು ಅಮೆರಿಕದಲ್ಲಿ ಪ್ರಬಲವಾದ ಕೂಗೆದ್ದಿತು. ಆ ಕೂಗನ್ನು ಅಡಗಿಸಲು ಜರ್ಮನಿಯವರು ಒಂದು ಉಪಾಯವನ್ನು ಹೂಡಿದರು. ತಮ್ಮ ತಂಡದಲ್ಲಿ ಯೆಹೂದ್ಯ ಮೂಲದವರಿಗೂ ಸ್ಥಾನವುಂಟೆಂದು ಲೋಕಕ್ಕೆ ತೋರಿಸುವುದಕ್ಕೋಸ್ಕರ ಹೆಲೇನೆಯನ್ನು ಮರಳಿ ಕರೆದರು. ಆ ಮಧ್ಯೆ, 1935ರ ಸೆಪ್ಟೆಂಬರಿನಲ್ಲಿ, ನ್ಯೂರೆಂಬರ್ಗ್ ಶಾಸನಗಳು ಹೊರಟು, ಅಜ್ಜ ಅಜ್ಜಿಯರ ಕುಲವನ್ನೆಣಿಸಿ ಪೌರತ್ವವನ್ನು ಅಳೆಯುವ ಕ್ರಮವು ಬಂದಿತು. ಹೆಲೇನೆಯು ತನಗೆ ಪೂರ್ಣ ಪೌರತ್ವವನ್ನು ಕೊಡಬೇಕೆಂದು ಕೇಳಿದಳು. ಹೋಗಬಾರದೆಂದು ಆಕೆಯನ್ನು ಬೇಡಿಕೊಂಡವರು ಹಲವರು. 1935ರ ಡಿಸೆಂಬರಿನಲ್ಲಿ ಅಮೆರಿಕದ ಕ್ರೀಡಾಸಂಘವು ಅಲ್ಪ ಬಹುಮತದಿಂದ ತಂಡವನ್ನು ಕಳುಹಿಸಲು ಒಪ್ಪಿತು. 1936ರ ಆರಂಭದಲ್ಲಿ ಹೆಲೇನೆಯು ಹಡಗನ್ನೇರಿ ಜರ್ಮನಿಗೆ ಮರಳಿದಳು.

ಆಕೆ ಏತಕ್ಕೆ ಹೋದಳು? ತಾಯಿಯೂ ಸಹೋದರರೂ ಅಲ್ಲಿಯೇ ಇದ್ದರು. ಕಳೆದುಕೊಂಡ ಒಲಿಂಪಿಕ್ ಪ್ರಶಸ್ತಿಯನ್ನು ಮರಳಿ ಪಡೆಯುವ ಆಸೆಯೂ ಇತ್ತು. ಅದಕ್ಕಿಂತ ಮಿಗಿಲಾಗಿ ಅದು ಆಕೆಯ ತವರು. ತವರಿನ ಮೋಹವೆಂಥದೆಂಬುದನ್ನು ನಮ್ಮ ಹೆಂಗಸರಿಗೆ ಹೊರಗಿನವರು ಹೇಳಿಕೊಡಬೇಕಾದುದಿಲ್ಲ. ಬೀಸುವ ಕಲ್ಲಿನ ಮುಂದೆ ಕುಳಿತು ನಮ್ಮ ಅಜ್ಜಿಯರು ಹಾಡಿದ ಪದಗಳಲ್ಲಿ ಅರ್ಧಕ್ಕರ್ಧ ತವರಿನವೇ. ಅಣ್ಣನು ಕಡೆಗಣಿಸಿದರೂ ಅತ್ತಿಗೆಯು ಮೊಗ ತಿರುಗಿಸಿದರೂ ಹಬ್ಬ ಬಂದಾಗ ಹೆಣ್ಣಿನ ಕಣ್ಣು ತವರಿನ ಹಾದಿಯನ್ನೇ ನೋಡುವುದು. ಕರೆಯು ಕಪಟದ್ದೆಂದು ತಿಳಿದಿದ್ದರೂ ಕರೆ ಬಂತಲ್ಲ ಎಂದು ಗಂಟು ಕಟ್ಟುವವರುಂಟು. ಹೆಲೇನೆಯ ಮನಸ್ಸಿನ ಒಳಗನ್ನು ನಾವು ನೋಡಲಾರೆವು. ಆದರೆ ಈ ದಾರಿಯಾಗಿ ಆಲೋಚಿಸಿದರೆ ಆಕೆಯ ಪ್ರಯಾಣವು ಅರ್ಥವಾಗದ ಸಂಗತಿಯಲ್ಲ.

ಆ ಕರೆಯು ಎಷ್ಟು ಕಪಟದ್ದೆಂಬುದಕ್ಕೆ ಮತ್ತೊಬ್ಬ ತರುಣಿಯ ಕಥೆಯೇ ಸಾಕ್ಷಿ. ಗ್ರೆಟೆಲ್ ಬರ್ಗ್‌ಮನ್ ಎಂಬ ಯೆಹೂದ್ಯ ಹುಡುಗಿಯು ಅದೇ ಬೇಸಗೆಯಲ್ಲಿ 1.60 ಮೀಟರ್ ಎತ್ತರಕ್ಕೆ ಜಿಗಿದು ಜರ್ಮನಿಯ ದಾಖಲೆಯನ್ನು ಸರಿಗಟ್ಟಿದ್ದಳು. ಅಮೆರಿಕದ ತಂಡವು ಹಡಗನ್ನೇರುವ ವರೆಗೆ ಆಕೆಯನ್ನು ಅಭ್ಯಾಸದಲ್ಲಿರಿಸಿಕೊಂಡು, ತಂಡವು ಹೊರಟೊಡನೆ, ಪಂದ್ಯಕ್ಕೆ ಎರಡು ವಾರವಿರುವಾಗ ಆಕೆಗೆ ಸ್ಥಾನವಿಲ್ಲವೆಂದು ಕಾಗದ ಬರೆದರು. ಆಕೆಯು 1937ರಲ್ಲಿ ಅಮೆರಿಕಕ್ಕೆ ಹೋಗಿ ನೆಲಸಿದಳು. ಅವಳ ದಾಖಲೆಯನ್ನು ಜರ್ಮನಿಯು ಮರಳಿ ಪುಸ್ತಕಕ್ಕೇರಿಸಿದುದು 2009ರಲ್ಲಿ. ಆಗ ಆಕೆಗೆ ತೊಂಬತ್ತೈದು ವರ್ಷ. ನೂರಮೂರು ವರ್ಷ ಬದುಕಿ ಆಕೆ 2017ರಲ್ಲಿ ತೀರಿಕೊಂಡಳು.

1936ರ ಆಗಸ್ಟ್ ತಿಂಗಳಲ್ಲಿ ಬರ್ಲಿನ್ನಿನಲ್ಲಿ ಸ್ತ್ರೀಯರ ಫಾಯಿಲ್ ಪಂದ್ಯವು ನಡೆಯಿತು. ನಮ್ಮ ಧ್ಯಾನ್‌ಚಂದರ ತಂಡವು ಜರ್ಮನಿಯನ್ನು 8ಕ್ಕೆ 1ರಂತೆ ಸೋಲಿಸಿದುದು ಅದೇ ತಿಂಗಳು, ಅದೇ ನಗರದಲ್ಲಿ. ಹೆಲೇನೆಯು ಗೆಲುವಿನ ಸಮೀಪಕ್ಕೆ ಬಂದು ಎರಡನೆಯವಳಾದಳು. ಹಂಗೆರಿಯ ಇಲೋನಾ ಎಲೆಕ್ ಸುವರ್ಣವನ್ನು ಗೆದ್ದಳು. ಆಸ್ಟ್ರಿಯದ ಪ್ರೈಸ್ ಮೂರನೆಯವಳಾದಳು. ಯೆಹೂದ್ಯರ ರಕ್ತವನ್ನು ಹೀನವೆಂದು ಸಾರಿದ ರಾಜ್ಯದ ಕಣ್ಣೆದುರಿನಲ್ಲಿ, ಆ ದಿನ ಪದಕ ಪಡೆದ ಮೂವರೂ ಯೆಹೂದ್ಯ ಮೂಲದವರೇ ಆಗಿದ್ದರು. ಇದಕ್ಕಿಂತ ಸ್ಪಷ್ಟವಾದ ಉತ್ತರವನ್ನು ಯಾವ ವಾಗ್ಮಿಯೂ ಕೊಡಲಾರನು.

ಆದರೆ ಅಂದು ನಡೆದ ಮತ್ತೊಂದು ಸಂಗತಿಯೇ ಹೆಲೇನೆಯ ಹೆಸರಿಗೆ ಅಂಟಿಕೊಂಡು ನಿಂತಿತು. ಪದಕ ಸ್ವೀಕರಿಸುವ ಪೀಠದ ಮೇಲೆ ನಿಂತು, ಸ್ವಸ್ತಿಕದ ಗುರುತುಳ್ಳ ಉಡುಪಿನಲ್ಲಿ, ಆಕೆಯು ಬಲಗೈಯನ್ನು ಮುಂದಕ್ಕೆ ಚಾಚಿ ನಾಜಿಗಳ ವಂದನೆಯನ್ನು ಸಲ್ಲಿಸಿದಳು. ಆ ಚಿತ್ರವು ಲೋಕಕ್ಕೆಲ್ಲ ಹಬ್ಬಿತು. ಕೆಲವರು ಆಕೆಯನ್ನು ದ್ರೋಹಿಯೆಂದರು. ಕೆಲವರು ಮನೆಯವರ ಪ್ರಾಣಭಯದಿಂದ ಹಾಗೆ ಮಾಡಿರಬೇಕೆಂದರು. ಆಕೆ ತಂಡದವಳಾಗಿದ್ದುದರಿಂದ ತಂಡದ ನಿಯಮವನ್ನು ಪಾಲಿಸಿದಳಷ್ಟೇ ಎಂದವರೂ ಇದ್ದರು.

ಸತ್ಯವೇದವನ್ನು ಬಲ್ಲ ನಮ್ಮ ಹಿಂದಿನ ವಿದ್ಯಾರ್ಥಿನಿಯರಿಗೆ ಇಲ್ಲಿ ಎರಡು ಕಥೆಗಳು ನೆನಪಾಗಬಹುದು. ಬಂಗಾರದ ಪ್ರತಿಮೆಯ ಮುಂದೆ ಅಡ್ಡಬೀಳುವುದಕ್ಕಿಂತ ಉರಿಯುವ ಆವಿಗೆಯೇ ಲೇಸೆಂದು ನಿಂತ ಮೂವರು ತರುಣರ ಕಥೆಯೊಂದು. ಅರಸನೊಡನೆ ರಿಮ್ಮೋನನ ಗುಡಿಗೆ ಹೋಗಿ ತಲೆಬಾಗಬೇಕಾಗುವುದಲ್ಲಾ ಎಂದು ಪ್ರವಾದಿಯ ಮುಂದೆ ಮೊದಲೇ ಕ್ಷಮೆ ಬೇಡಿದ ನಾಮಾನನ ಕಥೆ ಇನ್ನೊಂದು. ಎಲೀಷನು ಅವನನ್ನು ಗದರಿಸಲಿಲ್ಲ, ಸಮಾಧಾನದಿಂದ ಕಳುಹಿಸಿಕೊಟ್ಟನು. ಮೊದಲನೆಯ ಕಥೆಯನ್ನು ನಮ್ಮ ನಡತೆಗೆ ಅಳತೆಗೋಲಾಗಿ ಇಟ್ಟುಕೊಳ್ಳೋಣ. ಪರರ ನಡತೆಯನ್ನು ಅಳೆಯುವಾಗ ಎರಡನೆಯ ಕಥೆಯನ್ನೂ ಮರೆಯದಿರೋಣ. ಹೆಲೇನೆಯು ಮಾಡಿದ್ದು ಸರಿಯೆಂದು ನಾನು ಹೇಳಲಾರೆನು. ಆ ಕೈಯು ಎತ್ತಿದ ವಂದನೆಯು ಬಂದು ಸೇರಿದ್ದು, ಮುಂದೆ ಅರವತ್ತು ಲಕ್ಷ ಯೆಹೂದ್ಯರನ್ನು ಕೊಂದ ಒಂದು ಅಧಿಕಾರಕ್ಕೆ. ಆದರೆ ಆ ಪೀಠದ ಮೇಲೆ ನಿಂತ ಇಪ್ಪತ್ತೈದು ವರ್ಷದ ತರುಣಿಯ ಬೆನ್ನ ಹಿಂದೆ ತಾಯಿಯೂ ಸಹೋದರರೂ ಅದೇ ಅಧಿಕಾರದ ಕೈಯಲ್ಲಿದ್ದರೆಂಬುದನ್ನು ಮರೆತು ನುಡಿಯುವುದೂ ನ್ಯಾಯವಲ್ಲ.

ತಲೆಬಾಗಿದ್ದಕ್ಕೆ ಆಕೆಗೆ ದೊರೆತ ಪ್ರತಿಫಲವೇನು? ಏನೂ ಇಲ್ಲ. ಪಂದ್ಯಗಳು ಮುಗಿದುವು, ಆಕೆಯಿಂದ ಆಗಬೇಕಾದ ಕಾರ್ಯವೂ ಮುಗಿಯಿತು. ಆಕೆಯು ಅಮೆರಿಕಕ್ಕೆ ಹಿಂದಿರುಗಿದಳು. 1937ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದ ಲೋಕದ ಪ್ರಶಸ್ತಿಯ ಪಂದ್ಯದಲ್ಲಿ ಜಯಶಾಲಿನಿಯಾಗಿ ತಾನು ಶ್ರೇಷ್ಠಳೆಂದು ಮೂರನೆಯ ಬಾರಿಗೆ ತೋರಿಸಿಕೊಟ್ಟಳು. ಆ ಮೇಲೆ ಯುದ್ಧವು ಬಂದು 1940 ಮತ್ತು 1944ರ ಒಲಿಂಪಿಕ್ ಪಂದ್ಯಗಳು ನಡೆಯದೆಹೋದುವು. ಹೆಲೇನೆಯು ಅಮೆರಿಕದ ಪೌರತ್ವವನ್ನು ಪಡೆದು, ಕ್ಯಾಲಿಫೋರ್ನಿಯದಲ್ಲಿ ಉಪಾಧ್ಯಾಯಿನಿಯಾಗಿ ಕಾಲ ಕಳೆದಳು. ಪದಕಗಳಿಗಿಂತ ಹೆಚ್ಚು ವರ್ಷ ಆಕೆಯ ಕೈಯಲ್ಲಿದ್ದುದು ಪಾಠದ ಪುಸ್ತಕ.

1952ರಲ್ಲಿ ಆಕೆಯು ಜರ್ಮನಿಗೆ ಮರಳಿ, ಹಳೆಯ ಪರಿಚಯಸ್ಥನಾದ ಎರ್ವಿನ್ ಫಾಲ್ಕ್‌ನರ್ ಫಾನ್ ಸೊನ್ನೆನ್‌ಬುರ್ಗ್ ಎಂಬುವನನ್ನು ಮ್ಯೂನಿಕ್ ನಗರದಲ್ಲಿ ಸರಳವಾಗಿ ವಿವಾಹವಾದಳು. ತವರಿನ ನೆಲದಲ್ಲಿ ಸಂಸಾರ ಹೂಡುವ ಆಸೆಯು ಕಡೆಗೂ ಕೈಗೂಡಿತು. ಆದರೆ ಆ ಸುಖವು ಬಹು ಕಾಲ ನಿಲ್ಲಲಿಲ್ಲ. ಎದೆಯ ಹುಣ್ಣಿನ ರೋಗದಿಂದ, ಎಂದರೆ ಈಗ ನಾವು ಸ್ತನದ ಕ್ಯಾನ್ಸರ್ ಎನ್ನುವ ಬೇನೆಯಿಂದ, 1953ರ ಅಕ್ಟೋಬರಿನಲ್ಲಿ ದೈವಾಧೀನಳಾದಳು. ನಲವತ್ತಮೂರು ತುಂಬಲು ಇನ್ನೂ ಎರಡು ತಿಂಗಳಿತ್ತು.

ಮರಣಾನಂತರ ತವರು ಆಕೆಯನ್ನು ನೆನೆಯಿತು. 1968ರಲ್ಲಿ ಪಶ್ಚಿಮ ಜರ್ಮನಿಯು ಆಕೆಯ ಚಿತ್ರವುಳ್ಳ ಅಂಚೆಚೀಟಿಯನ್ನು ಹೊರಡಿಸಿತು. 1972ರ ಒಲಿಂಪಿಕ್ ಪಂದ್ಯಗಳಿಗಾಗಿ ಮ್ಯೂನಿಕ್ಕಿನಲ್ಲಿ ಕಟ್ಟಿದ ಕ್ರೀಡಾಗ್ರಾಮದ ಒಂದು ಬೀದಿಗೆ ಆಕೆಯ ಹೆಸರನ್ನಿಟ್ಟಿತು. ಪಟ್ಟಿಯಿಂದ ಹೊಡೆದುಹಾಕಿದ ಹೆಸರು ಬೀದಿಯ ಹಲಗೆಗೆ ಬಂದಿತು. ಅದನ್ನು ನೋಡಲು ಹೆಸರಿನವಳು ಇರಲಿಲ್ಲ.

ಈ ಚರಿತ್ರೆಯಿಂದ ನಾವು ಕಲಿಯತಕ್ಕದ್ದೇನು? ತಂದೆತಾಯಂದಿರಲ್ಲಿ ನನ್ನ ಮೊದಲನೆಯ ಅರಿಕೆಯಿದು. ಹುಡುಗಿಯು ದೊಡ್ಡವಳಾದೊಡನೆ ಆಟದ ಬಯಲಿನಿಂದ ಆಕೆಯನ್ನು ಹಿಂದಕ್ಕೆ ಕರೆದುಕೊಳ್ಳುವ ಪದ್ಧತಿಯು ನಮ್ಮ ಕಡೆ ಇನ್ನೂ ಅಳಿದಿಲ್ಲ. ಹೆಲೇನೆಯನ್ನು ಹದಿನಾಲ್ಕನೆಯ ವಯಸ್ಸಿನಲ್ಲಿ ಹಾಗೆ ಕರೆದುಕೊಂಡಿದ್ದರೆ ಕಷ್ಟಕಾಲದಲ್ಲಿ ಆಕೆಗೆ ಅನ್ನವಿತ್ತ ವಿದ್ಯೆಯೇ ಇರುತ್ತಿರಲಿಲ್ಲ. ಭರತಖಂಡದಿಂದ ಕತ್ತಿವರಸೆಯಲ್ಲಿ ಒಲಿಂಪಿಕ್ ಕಣವನ್ನೇರಿದ ಮೊದಲನೆಯ ವ್ಯಕ್ತಿಯು ಒಬ್ಬ ಸ್ತ್ರೀ. ಚೆನ್ನೈ ನಗರದ ಭವಾನಿ ದೇವಿಯವರು 2021ರಲ್ಲಿ ಟೋಕಿಯೊ ನಗರದಲ್ಲಿ ಆ ಗೌರವವನ್ನು ಪಡೆದರು. ಅವರು ಶಾಲೆಯಲ್ಲಿ ಓದುತ್ತಿದ್ದಾಗಲೇ ಈ ಆಟವನ್ನು ಆರಂಭಿಸಿದವರು. ತೆಂಗಿನ ತೋಟಗಳ ನಡುವಣ ನಮ್ಮ ಊರುಗಳಿಂದ ಅಂತಹವರು ಏತಕ್ಕೆ ಹೊರಡಬಾರದು?

ಎರಡನೆಯ ಅರಿಕೆಯು ನಮ್ಮೆಲ್ಲರಿಗೂ ಸೇರಿದ್ದು. ಒಂದು ಮಗುವಿನ ಯೋಗ್ಯತೆಯನ್ನು ಅಜ್ಜ ಅಜ್ಜಿಯರ ಕುಲದಿಂದ ಅಳೆಯುವ ದುರಭ್ಯಾಸವು ಜರ್ಮನಿಯೊಂದರದೇ ಆಗಿರಲಿಲ್ಲ. ಅದರ ಬೇರು ನಮ್ಮ ಹಟ್ಟಿಬೀದಿಗಳಲ್ಲಿಯೂ ಉಂಟು. ಯಾರ ಮಗಳೆಂದು ಕೇಳದೆ ಮಣೆಯ ಮೇಲೆ ಕೂರಿಸಿ ಅಕ್ಷರ ಕಲಿಸಿದುದೇ ಇಂತಹ ಶಾಲೆಗಳ ಹಿರಿಮೆ. ಹೆಲೇನೆಯ ಹೆಸರನ್ನು ಹೊಡೆದುಹಾಕಿದ ಗೆರೆಯಂತಹ ಗೆರೆಯನ್ನು ನಮ್ಮ ಮನೆಯಲ್ಲಾಗಲಿ ಬೀದಿಯಲ್ಲಾಗಲಿ ಶಾಲೆಯಲ್ಲಾಗಲಿ ಯಾರೂ ಎಳೆಯದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲಿದೆ. ಅದಕ್ಕೆ ಬೇಕಾದ ಧೈರ್ಯವನ್ನು ದೇವರು ನಮ್ಮ ಮಕ್ಕಳಿಗೂ ನಮಗೂ ದಯಪಾಲಿಸಲಿ.